ಪೂಜೆಗಿಟ್ಟ ವೀಣೆ

ನವರಾತ್ರಿಯಲ್ಲಿ ಮೂಲಾ ನಕ್ಷತ್ರ ಬಂದ ದಿನ ಸರಸ್ವತಿಯ ಆವಾಹನೆ. ಪುಸ್ತಕಗಳ ಜೊತೆಗೆ ಮನೆಯ ವೀಣೆಯೂ ದೇವರ ಮುಂದೆ ಮಲಗುತ್ತದೆ. ಪೂರ್ವಾಷಾಢ, ಉತ್ತರಾಷಾಢ ಕಳೆದು ಶ್ರವಣದಲ್ಲಿ ವಿಸರ್ಜನೆ ಆಗುವವರೆಗೆ ಅದನ್ನು ನುಡಿಸುವಂತಿಲ್ಲ. ಒಂದು ದಿನವೂ ಸಾಧನೆ ತಪ್ಪಬಾರದು ಎಂದು ವರ್ಷವಿಡೀ ಹೇಳುವ ಗುರುಗಳೇ ಆ ಮೂರು–ನಾಲ್ಕು ದಿನ ಮಾತ್ರ ಕೈ ಕಟ್ಟಿ ಕೂರು ಎನ್ನುತ್ತಾರೆ. ಪಾಠ ಇಲ್ಲವೆಂದು ಮಕ್ಕಳಿಗೆ ಖುಷಿ. ವೀಣೆಗೆ ಮನಸ್ಸು ಕೊಟ್ಟವರಿಗೆ ಮಾತ್ರ ಅವು ಕಷ್ಟದ ದಿನಗಳು. ಬೆರಳು ತಾನಾಗಿಯೇ ಮಂಡಿಯ ಮೇಲೆ ಸರಳೆ, ಅಂದರೆ ಮೊದಲ ಪಾಠದ ಸ್ವರಾಭ್ಯಾಸ, ನುಡಿಸುತ್ತಿರುತ್ತದೆ.

ಆ ನಾಲ್ಕು ದಿನ ವೀಣೆ ಸುಮ್ಮನಿದ್ದರೂ ಅನಾಥವಾಗಿರುವುದಿಲ್ಲ. ಇಟ್ಟವರು ನಾವು, ಆದರೆ ಈಗ ಅದು ಸರಸ್ವತಿಯ ವಶದಲ್ಲಿದೆ. ವಿಜಯದಶಮಿಯ ಬೆಳಿಗ್ಗೆ ತಿರುಗಿ ತೆಗೆದುಕೊಳ್ಳುವಾಗಲೂ ಅವಳ ಕೈಯಿಂದಲೇ ತೆಗೆದುಕೊಳ್ಳುತ್ತೇವೆ. ಕೈ ಮುರಿದು, ಅಥವಾ ಹಾಸಿಗೆ ಹಿಡಿದ ಹಿರಿಯರ ಸೇವೆಗೆ ನಿಂತು, ಅಥವಾ ಮಡಿಲಲ್ಲಿ ಹಸುಗೂಸಿದ್ದು, ವೀಣೆ ತಿಂಗಳುಗಟ್ಟಲೆ ಮೌನವಾಗಬೇಕಾಗಿ ಬಂದರೆ ಅದನ್ನೂ ಪೂಜೆಗಿಟ್ಟ ವೀಣೆ ಎಂದೇ ತಿಳಿಯಿರಿ ಎನ್ನುವುದು ನನ್ನ ಮಾತು. ತಿಳಿದರೆ ಸಾಲದು, ಹಾಗೆಯೇ ಇಡಬೇಕು. ಅಟ್ಟಕ್ಕೆ ಎಸೆದದ್ದನ್ನು ಪೂಜೆಗಿಟ್ಟದ್ದು ಎನ್ನಲಾಗದು. ಇಡುವುದರಲ್ಲಿ ಸಾಕಷ್ಟು ಕೆಲಸವಿದೆ, ಆ ಕೆಲಸದಲ್ಲೇ ನಂಬಿಕೆಯೂ ಇದೆ.

ಮೈಸೂರಿನಲ್ಲಿ ವೀಣೆ ಮನುಷ್ಯರ ಹೆಸರಿನ ಮುಂದೆಯೇ ಬಂದು ನಿಂತಿತು. ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ ಎನ್ನುವಾಗ ವಾದ್ಯ ಯಾವುದು, ವ್ಯಕ್ತಿ ಯಾರು ಎಂದು ಬಿಡಿಸಲಾಗದು. ಹಾಗೆ ಹೆಸರಾಗದಿದ್ದರೂ, ಹತ್ತು–ಹದಿನೈದು ವರ್ಷ ಬೆಳಗಿನ ಒಂದು ಗಂಟೆಯನ್ನು ವೀಣೆಗೆ ಕೊಟ್ಟವರಿಗೆ ಅದು ಕೈತಪ್ಪಿದಾಗ ಹೋಗುವುದು ಬರೀ ಹವ್ಯಾಸವಲ್ಲ. ದೇವರ ಹತ್ತಿರ ಹೋಗುತ್ತಿದ್ದ ದಾರಿಯೇ ಮುಚ್ಚಿದಂತೆ ಅನ್ನಿಸುತ್ತದೆ. 'ನಿನಗಾಗಿಯೇ ನುಡಿಸುತ್ತಿದ್ದೆ, ನೀನೇ ಯಾಕೆ ತಪ್ಪಿಸಿದೆ?' ಎಂಬ ಪ್ರಶ್ನೆ ಬರುತ್ತದೆ. ಬರಲಿ. ದೇವರನ್ನು ಮುಖಕ್ಕೆ ಮುಖ ಬೈದು ಹಾಡುವ ನಿಂದಾಸ್ತುತಿ ನಮ್ಮ ದಾಸರಲ್ಲಿ ಒಂದು ಭಕ್ತಿಯ ಪ್ರಕಾರವೇ ಆಗಿತ್ತು. ನಂಬಿದವರ ಜೊತೆಗೇ ಮನುಷ್ಯ ಜಗಳ ಆಡುವುದು.

ಆದರೆ ಒಂದನ್ನು ಮೊದಲೇ ಬೇರೆ ಮಾಡಿಟ್ಟುಕೊಳ್ಳಬೇಕು. ಎಲ್ಲ ಅಡ್ಡಿಯೂ ದೇವರ ಇಚ್ಛೆಯಲ್ಲ. ಹೆಣ್ಣು ನೋಡುವ ಶಾಸ್ತ್ರದ ದಿನ 'ಹುಡುಗಿ ವೀಣೆ ಕಲಿತಿದ್ದಾಳೆ' ಎಂದು ಹೇಳಿಸಿ, ಎರಡು ಕೃತಿ ನುಡಿಸಿ ಕೇಳಿ, ಮದುವೆಯಾದ ಮೇಲೆ ವೀಣೆಯನ್ನು ಅಟ್ಟಕ್ಕೆ ಹಾಕಿಸಿದ ಮನೆಗಳು ನಮ್ಮಲ್ಲಿ ಎಷ್ಟೋ. ಅದು ಮನುಷ್ಯರು ಮುಚ್ಚಿದ ಬಾಗಿಲು. ಅದಕ್ಕೆ ಶರಣಾಗತಿ ಎಂದು ಹೆಸರಿಡುವುದು ದೇವರಿಗೂ ಅನ್ಯಾಯ, ಆ ಹೆಣ್ಣುಮಗಳಿಗೂ ಅನ್ಯಾಯ. ಅಲ್ಲಿ ಬೇಕಾದದ್ದು ಮನೆಯವರ ಮುಂದೆ ಕೂತು ಆಡಬೇಕಾದ ಮಾತು. ಈ ಬರಹ ಇರುವುದು ಯಾರ ಮೇಲೂ ತಪ್ಪು ಹೊರಿಸಲಾಗದ ಅಡ್ಡಿಗಳ ಬಗ್ಗೆ.

ಅವುಗಳಲ್ಲಿ ದೊಡ್ಡದು ಕೈಯದೇ. ಮಣಿಕಟ್ಟಿನ ಮೂಳೆ ಮುರಿದರೆ ಸಾಮಾನ್ಯವಾಗಿ ಆರು ವಾರ ಪ್ಲಾಸ್ಟರ್, ಆಮೇಲೆ ಫಿಸಿಯೋಥೆರಪಿ. ಹೆಬ್ಬೆರಳ ಬುಡದಿಂದ ಮಣಿಕಟ್ಟಿಗೆ ಹೋಗುವ ಸ್ನಾಯುರಜ್ಜುಗಳ ಹೊದಿಕೆ ಊದಿಕೊಳ್ಳುವ ಡಿ ಕ್ವೆರ್ವೇನ್ ತೊಂದರೆ ಮಗುವನ್ನು ಪದೇ ಪದೇ ಎತ್ತುವ ತಾಯಂದಿರಲ್ಲಿ ಹೆಚ್ಚು; ಹೆಬ್ಬೆರಳು ಅಲುಗದ ಹಾಗೆ ಪಟ್ಟಿ ಹಾಕಿ ಕೆಲವು ವಾರ ವಿಶ್ರಾಂತಿ ಕೊಡಲೇಬೇಕು. ಮಣಿಕಟ್ಟಿನೊಳಗೆ ನರ ಒತ್ತಿಹೋಗುವ ಕಾರ್ಪಲ್ ಟನಲ್ ಸಿಂಡ್ರೋಮ್‌ನಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜೋಮು ಹಿಡಿಯುತ್ತವೆ. ವೀಣೆಯಲ್ಲಿ ಎಡಗೈ ತಂತಿ ಒತ್ತುವುದೂ ಬಲಗೈ ಮೀಟುವುದೂ ತೋರುಬೆರಳು, ನಡುಬೆರಳುಗಳಿಂದಲೇ ಆದ್ದರಿಂದ ಪೆಟ್ಟು ನೇರವಾಗಿ ಅಲ್ಲಿಗೇ ಬೀಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಫ್ರೋಜನ್ ಶೋಲ್ಡರ್ ಇನ್ನೂ ನಿಧಾನ. ಪೂರ್ತಿ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು.

ಇಲ್ಲಿ ನಿಷ್ಠೆಯುಳ್ಳವರೇ ಹೆಚ್ಚು ಎಡವುತ್ತಾರೆ. ಸಾಧನೆ ತಪಸ್ಸು, ತಪಸ್ಸಿನಲ್ಲಿ ನೋವು ಇದ್ದದ್ದೇ ಎಂದುಕೊಂಡು ಊದಿದ ರಜ್ಜುವಿನ ಮೇಲೆಯೇ ಗಮಕ, ಅಂದರೆ ಸ್ವರದ ಓಲಾಟ, ಎಳೆಯುತ್ತಾರೆ. ನುಡಿಸುವ ಮುಖ್ಯ ತಂತಿಯಾದ ಸಾರಣಿಯನ್ನು ಒತ್ತಿ ಪಕ್ಕಕ್ಕೆ ಎಳೆಯುವಾಗ ಎಡಗೈ ಬೆರಳಿಗೂ ಮಣಿಕಟ್ಟಿಗೂ ಬೀಳುವ ಭಾರ ವೀಣೆಯ ಬೇರೆ ಯಾವ ಚಲನೆಯಲ್ಲೂ ಇಲ್ಲ. ಆರು ವಾರದಲ್ಲಿ ಮುಗಿಯಬೇಕಾದದ್ದು ಆರು ತಿಂಗಳಿಗೆ ಎಳೆದುಕೊಳ್ಳುತ್ತದೆ. ಕೈ ಕೊಟ್ಟವನು ದೇವರು ಎಂದು ನಂಬುವುದಾದರೆ ಆ ಕೈಯನ್ನು ಹಾಳುಮಾಡಿಕೊಳ್ಳುವುದು ಭಕ್ತಿ ಹೇಗಾದೀತು? ವೈದ್ಯರು ನಿಲ್ಲಿಸಿ ಎಂದ ದಿನ ನಿಲ್ಲಿಸುವುದೇ ಮೊದಲ ಸೇವೆ.

ನಿಲ್ಲಿಸಿದ ಮೇಲೆ ದೇವರಿಗೆ ಏನನ್ನು ಅರ್ಪಿಸುವುದು? ಇದಕ್ಕೆ ನಮ್ಮ ಮನೆಯ ಪೂಜೆಯಲ್ಲೇ ಉತ್ತರವಿದೆ, ದಿನವೂ ಹೇಳುವುದರಿಂದ ನಮ್ಮ ಕಿವಿಗೆ ಅದು ಬೀಳುವುದಿಲ್ಲ. ಷೋಡಶೋಪಚಾರದಲ್ಲಿ ವಸ್ತ್ರ ಸಮರ್ಪಿಸಬೇಕು, ಎಲ್ಲರ ಮನೆಯಲ್ಲೂ ದಿನವೂ ಹೊಸ ವಸ್ತ್ರ ಎಲ್ಲಿಂದ ಬರಬೇಕು? 'ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ' ಎಂದು ನಾಲ್ಕು ಕಾಳು ಅಕ್ಷತೆ ಹಾಕುತ್ತೇವೆ. ಆಭರಣ ಇಲ್ಲವೇ, 'ಆಭರಣಾರ್ಥೇ ಅಕ್ಷತಾನ್'. ಕೊನೆಯಲ್ಲಿ ರಾಜೋಪಚಾರ ಬರುತ್ತದೆ: ಛತ್ರ, ಚಾಮರ, ಗೀತ, ನೃತ್ಯ, ವಾದ್ಯ. ಹಾಡುವವರಿಲ್ಲ, ಕುಣಿಯುವವರಿಲ್ಲ, ನುಡಿಸುವವರಿಲ್ಲ. ಸಮಸ್ತ ರಾಜೋಪಚಾರಾರ್ಥೇ ಮತ್ತೆ ಅದೇ ಅಕ್ಷತೆ. ಇದನ್ನು ಪುರೋಹಿತರು ಕಂಡುಕೊಂಡ ಸುಲಭದ ಉಪಾಯ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮನುಷ್ಯನ ಹತ್ತಿರ ಎಲ್ಲ ದಿನವೂ ಎಲ್ಲವೂ ಇರುವುದಿಲ್ಲ ಎಂದು ಪೂಜಾವಿಧಿಗೇ ಗೊತ್ತಿದೆ. ಇಲ್ಲದ್ದನ್ನು ಹೆಸರು ಹಿಡಿದು ಹೇಳಿ, ಅದರ ಜಾಗದಲ್ಲಿ ಇರುವುದನ್ನು ಇಡು ಎನ್ನುತ್ತದೆ. 'ವಾದ್ಯ' ಎಂಬ ಮಾತನ್ನು ಅದು ಬಿಟ್ಟುಬಿಡುವುದಿಲ್ಲ.

ಹಾಗಾಗಿ ಕೈಗೆ ಪಟ್ಟಿ ಕಟ್ಟಿಕೊಂಡವರು ಬೆಳಗಿನ ಪೂಜೆಯಲ್ಲಿ ಆ ಮಾತಿಗೆ ಬಂದಾಗ ಅವಸರ ಮಾಡದಿರಲಿ. ಹಿಂದೆ ನುಡಿಸುತ್ತಿದ್ದ ಹೊತ್ತಿನಲ್ಲೇ, ನುಡಿಸುತ್ತಿದ್ದ ಜಾಗದಲ್ಲೇ ಕೂತು, ಈ ದಿನ ನುಡಿಸಬೇಕೆಂದಿದ್ದ ರಾಗದ ಹೆಸರನ್ನು ಮನಸ್ಸಿನಲ್ಲಿ ಹೇಳಿ ಅಕ್ಷತೆ ಹಾಕಲಿ. ಬೇಳೆಗೆ ಕುಕ್ಕರ್ ಇಟ್ಟು, ಹಾಸಿಗೆಯಲ್ಲಿರುವ ಅತ್ತೆಯನ್ನು ಮಗ್ಗುಲು ತಿರುಗಿಸಿ ಬಂದವರಿಗೂ ಇದಕ್ಕೆ ಎರಡು ನಿಮಿಷ ಸಿಗುತ್ತದೆ.

ಇನ್ನು ವಾದ್ಯದ ವಿಚಾರ. ನಾಲ್ಕು ದಿನದ ಪೂಜೆಗಾದರೆ ತಂತಿಗಳನ್ನು ಮುಟ್ಟಬೇಕಿಲ್ಲ. ತಿಂಗಳು ಮೀರುತ್ತದೆ ಎಂದು ಗೊತ್ತಾದರೆ ಏಳೂ ತಂತಿಗಳನ್ನು ಒಂದೆರಡು ಸ್ವರಸ್ಥಾನದಷ್ಟು ಇಳಿಸಿ. ನುಡಿಸುವ ನಾಲ್ಕು, ಅಂದರೆ ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಪಕ್ಕದಲ್ಲಿ ತಾಳದ ಮೂರು. ಎಲ್ಲವನ್ನೂ ಸಮನಾಗಿ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಪೂರ್ತಿ ಸಡಿಲ ಬಿಟ್ಟರೆ ತಂತಿಗಳ ಒತ್ತಡದಿಂದ ನಿಂತಿರುವ ಕುದುರೆ, ಅಂದರೆ ತಂತಿಗಳನ್ನು ಹೊತ್ತ ಸೇತುವೆ, ಜರುಗುತ್ತದೆ, ಆಮೇಲೆ ಅದನ್ನು ಸರಿಯಾದ ಜಾಗಕ್ಕೆ ಕೂರಿಸಿ ನಾದ ಸರಿಮಾಡಲು ಕೆಲಸ ಬಲ್ಲವರೇ ಬೇಕು. ಇಳಿಸದೆ ಹಾಗೇ ಬಿಗಿಯಾಗಿ ಬಿಟ್ಟರೆ ಹವೆ ಬದಲಾದ ಒಂದು ರಾತ್ರಿ ಸಾರಣಿ ತುಂಡಾಗಿರುತ್ತದೆ.

ಸ್ವರಕ್ಕಾಗಿ ತಂತಿಯನ್ನು ಒತ್ತುವ ಲೋಹದ ಪಟ್ಟಿಗಳಾದ ಮೆಟ್ಟಿಲುಗಳು 24. ಅವು ಕೂತಿರುವುದು ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಮಾಡಿದ ಮೇಣದ ಮೇಲೆ. ವೀಣೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಭಾಗ ಇದೇ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿ ಇಟ್ಟರೆ, ಬೇಸಗೆಯಲ್ಲಿ ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಟ್ಟರೆ, ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಕುಸಿಯುತ್ತದೆ. ಕಣ್ಣಿಗೆ ಕಾಣದ ಆ ಕೂದಲೆಳೆ ಕಿವಿಗೆ ಅಪಸ್ವರವಾಗಿ ಕೇಳುತ್ತದೆ. ಒಂದು ಮೆಟ್ಟಿಲು ಕುಸಿದರೆ ಅದರ ಸ್ವರ ನುಡಿಸುವಾಗ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಜಿರ್ರೆನ್ನುತ್ತದೆ. ಆಗ ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೇಣ ಹಾಕಿ ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಬೇಕು.

ಪೂಜೆಯಲ್ಲೇ ಆಗುವ ತಪ್ಪುಗಳೂ ಇವೆ, ಪ್ರೀತಿಯಿಂದಲೇ ಮಾಡುವ ತಪ್ಪುಗಳು. ದೀಪವನ್ನು ವೀಣೆಯ ಮಗ್ಗುಲಿಗೇ ಇಟ್ಟುಬಿಡುತ್ತಾರೆ. ಎರಡು ಅಡಿ ದೂರವಿರಲಿ. ಕರ್ಪೂರದ ಆರತಿಯನ್ನು ಮೆಟ್ಟಿಲುಗಳ ಮೇಲೆ ಹಾಯಿಸುವುದು ಬೇಡ. ಅರಿಶಿನ ಕುಂಕುಮವನ್ನು ಬೆರಳಲ್ಲಿ ಕಲಸಿ ಮೆಟ್ಟಿಲುಗಳಿರುವ ಉದ್ದನೆಯ ದಂಡಿಯ ಮೇಲೆ ಹಚ್ಚಿದರೆ ಮೇಣಕ್ಕೆ ಮೆತ್ತಿಕೊಂಡ ಬಣ್ಣ ಹೋಗುವುದೇ ಇಲ್ಲ. ವೀಣೆಯ ತುದಿಯಲ್ಲಿ ಕೆತ್ತಿದ ಪ್ರಾಣಿಮುಖವಾದ ಯಾಳಿಯ ಹಣೆಗೆ ಒಂದು ಬೊಟ್ಟು ಸಾಕು, ಅದೂ ಒಣ ಕುಂಕುಮದ್ದು. ನೀರು ಚಿಮುಕಿಸಿದ ಹೂವಿನ ಹಾರ ವೀಣೆಯ ದುಂಡನೆಯ ಕೊಡದ ಮೇಲೆ ರಾತ್ರಿಯಿಡೀ ಇದ್ದರೆ ಪಾಲಿಶ್ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಕೆಳಗೊಂದು ಒಣ ಬಟ್ಟೆ ಹಾಸಿ ಹಾರ ಇಡಿ. ಅಕ್ಷತೆಯನ್ನು ವೀಣೆಯ ಮೇಲೆ ಎರಚುವ ಬದಲು ಮುಂದಿರುವ ತಟ್ಟೆಗೆ ಹಾಕಿ. ಮೆಟ್ಟಿಲ ಸಂದಿಗೆ ಸೇರಿದ ಒಂದು ಅಕ್ಕಿಕಾಳು ಹೊರಬರದೆ ತಿಂಗಳುಗಟ್ಟಲೆ ಸತಾಯಿಸಬಲ್ಲದು.

ಹೊದಿಸಲು ಹಳೆಯ ಹತ್ತಿ ಸೀರೆ ಅಥವಾ ಪಂಚೆಯಷ್ಟು ಒಳ್ಳೆಯದು ಬೇರೆ ಇಲ್ಲ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಮಳೆಗಾಲದಲ್ಲಿ ಒಳಗೆ ಬೆವೆತು ಹಲಸಿನ ಮರಕ್ಕೆ ಬೂಷ್ಟು ಬರುತ್ತದೆ. ಕರಾವಳಿಯಲ್ಲಿ ಸಾರಣಿ ಮತ್ತು ಪಂಚಮದ ಉಕ್ಕಿನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆ, ಶುಕ್ರವಾರವೇ ಆಗಲಿ, ಬಟ್ಟೆ ತೆಗೆದು ಒಣ ಬಟ್ಟೆಯಿಂದ ತಂತಿಗಳನ್ನು ಒರೆಸಿ, ಒಂದು ಹನಿ ಎಣ್ಣೆ ಸೋಕಿಸಿದ ಹತ್ತಿಯನ್ನು ಉಕ್ಕಿನ ತಂತಿಗಳ ಉದ್ದಕ್ಕೂ ಒಮ್ಮೆ ಓಡಿಸಿ. ಮಳೆಗಾಲದಲ್ಲಿ ತಂತಿ ಬಿಗಿಸುವ ಮರದ ಬಿರಡೆ ಉಬ್ಬಿ ಬಿಗಿದುಕೊಳ್ಳುತ್ತದೆ, ಜೋರು ಮಾಡಿ ತಿರುಗಿಸಿದರೆ ಅದರ ಕತ್ತೇ ಮುರಿಯುತ್ತದೆ. ಚಳಿಗಾಲದಲ್ಲಿ ಒಣಗಿ ಜಾರುತ್ತದೆ, ಅದಕ್ಕೆ ಸೀಮೆಸುಣ್ಣದ ಪುಡಿ ಸಾಕು. ಅಮೆರಿಕ, ಕೆನಡಾದಂಥ ಕಡೆ ಇರುವ ಕನ್ನಡಿಗರ ಮನೆಗಳಲ್ಲಿ ಹೀಟರ್ ಗಾಳಿ ಮರವನ್ನು ಹೀರಿ ಕೊಡದ ಮೇಲೆ ಗೆರೆ ಸೀಳಿಸುವುದುಂಟು. ಅಲ್ಲಿ ವೀಣೆ ಇರುವ ಕೋಣೆಯಲ್ಲಿ ಹ್ಯೂಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇಕಡ 40ರಿಂದ 60ರ ನಡುವೆ ಇರಿಸುವುದು ಕ್ಷೇಮ.

ಈ ಶುಕ್ರವಾರದ ಹತ್ತು ನಿಮಿಷವನ್ನು ದಯವಿಟ್ಟು ಸಣ್ಣದೆಂದು ಎಣಿಸಬೇಡಿ. ಒಂದು ಕೈಯಿಂದಲೂ ಮಾಡಬಹುದಾದ ಕೆಲಸವಿದು. ಸರಸ್ವತಿ ತಿರುಗಿ ಕೊಡುತ್ತಾಳೆ ಎಂಬ ನಂಬಿಕೆ ಇದ್ದವರು ಮಾತ್ರ ನುಡಿಸದ ವೀಣೆಯ ತಂತಿಗೆ ಎಣ್ಣೆ ಹಚ್ಚುತ್ತಾರೆ.

ಕೈ ಸುಮ್ಮನಿದ್ದರೂ ಕಿವಿ, ಕಂಠ, ಮನಸ್ಸು ಸುಮ್ಮನಿರಬೇಕಿಲ್ಲ. ಪುರಂದರದಾಸರು ಹಾಕಿಕೊಟ್ಟದ್ದು ಎಂದು ಸಂಪ್ರದಾಯ ಹೇಳುವ ಮಾಯಾಮಾಳವಗೌಳದ ಸರಳೆವರಿಸೆಯೇ ಇದಕ್ಕೂ ಮೊದಲ ಮೆಟ್ಟಿಲು. ತಂಬೂರಿ ಆಪ್‌ನಲ್ಲಿ ನಿಮ್ಮ ವೀಣೆಯ ಶ್ರುತಿಯನ್ನೇ ಹಾಕಿ ಕಣ್ಣು ಮುಚ್ಚಿ. ಸಾರಣಿಯ ಬಿಡಿ ತಂತಿ ಷಡ್ಜ. ರಿಷಭಕ್ಕೆ ಒಂದನೇ ಮೆಟ್ಟಿಲು, ಗಾಂಧಾರಕ್ಕೆ ನಾಲ್ಕು, ಮಧ್ಯಮಕ್ಕೆ ಐದು, ಪಂಚಮಕ್ಕೆ ಏಳು, ಧೈವತಕ್ಕೆ ಎಂಟು, ನಿಷಾದಕ್ಕೆ ಹನ್ನೊಂದು, ಮೇಲಿನ ಷಡ್ಜಕ್ಕೆ ಹನ್ನೆರಡು. ಮೆಲ್ಲಗೆ ಹಾಡುತ್ತಾ ಪ್ರತಿ ಸ್ವರಕ್ಕೂ ಆ ಮೆಟ್ಟಿಲನ್ನು ಒಳಗಣ್ಣಿಂದ ನೋಡಿ. ಯಾವ ಬೆರಳು, ಒಂದರಿಂದ ನಾಲ್ಕಕ್ಕೆ ಜಿಗಿಯುವ ದೂರ ಎಷ್ಟು, ಎಂಟರಿಂದ ಹನ್ನೊಂದಕ್ಕೆ ಎಷ್ಟು. ಮೇಲೆ ಹೋದಂತೆ ಮೆಟ್ಟಿಲುಗಳ ನಡುವಿನ ಅಂತರ ಕಿರಿದಾಗುವುದರಿಂದ ಎರಡನೆಯ ಜಿಗಿತ ಮೊದಲಿನದಕ್ಕಿಂತ ಚಿಕ್ಕದು. ಆ ವ್ಯತ್ಯಾಸ ಮನಸ್ಸಿಗೆ ಬಂತೆಂದರೆ ನೀವು ಬರೀ ಹಾಡುತ್ತಿಲ್ಲ, ನುಡಿಸುತ್ತಿದ್ದೀರಿ.

ಮೊದಲ ವಾರ ಹತ್ತು ನಿಮಿಷ ಸಾಕು, ಒಂದೇ ಕಾಲದಲ್ಲಿ, ಅಂದರೆ ಒಂದೇ ವೇಗದಲ್ಲಿ. ಬಲಗೈ ಚೆನ್ನಾಗಿದ್ದರೆ ತೊಡೆಯ ಮೇಲೆ ಆದಿತಾಳ ಹಾಕಿ. ಆಮೇಲೆ ಎರಡನೆಯ ಕಾಲ, ಸ್ವರಗಳನ್ನು ಜೋಡಿಯಾಗಿ ನುಡಿಸುವ ಜಂಟಿವರಿಸೆ, ಅಭ್ಯಾಸದ ರಚನೆಯಾದ ವರ್ಣಗಳಲ್ಲಿ ಗೊತ್ತಿರುವ ಒಂದು. ವರ್ಣಕ್ಕೆ ಬಂದಾಗ ಒಂದು ವಿಷಯ ಬಯಲಾಗುತ್ತದೆ: ಬೆರಳಿಗೆ ಗೊತ್ತಿದ್ದ ಎಷ್ಟೋ ಸಂಗತಿ ಮನಸ್ಸಿಗೆ ಗೊತ್ತೇ ಇರುವುದಿಲ್ಲ. ವರ್ಣದಲ್ಲಿ ಬರುವ ಸ್ವರಗಳ ಸಾಲಾದ ಚಿಟ್ಟೆಸ್ವರದ ನಡುವೆ ಎಲ್ಲೋ ದಾರಿ ತಪ್ಪುತ್ತದೆ. ಅಲ್ಲಿ ನಿಂತು ಸಾಹಿತ್ಯ, ಸ್ವರ, ಮೆಟ್ಟಿಲು ಮೂರನ್ನೂ ಕೂಡಿಸಿಕೊಳ್ಳಿ. ವರ್ಷಗಟ್ಟಲೆ ಓಡಿಸಿಕೊಂಡು ಬಂದ ತಪ್ಪುಗಳು ತಿದ್ದಿಕೊಳ್ಳುವುದು ಹೀಗೆ ಕೈ ನಿಂತಾಗಲೇ. ಹಸುಗೂಸಿನ ತಾಯಿಗಂತೂ ಇದಕ್ಕಿಂತ ಒಳ್ಳೆಯ ಸಾಧನೆ ಇಲ್ಲ. ಜೋಗುಳದ ಬದಲು ಸರಳೆ ಹಾಡಿದರೂ ಮಗು ಮಲಗುತ್ತದೆ.

ಇಷ್ಟು ಮಾಡಿದರೂ ಕೆಲವು ದಿನ ದುಃಖ ಬರುತ್ತದೆ, ಯಾರೋ ನುಡಿಸಿದ ತಾನ ಕೇಳಿದರೆ ಗಂಟಲು ಕಟ್ಟುತ್ತದೆ. ಆ ದಿನ ಏನನ್ನೂ ಮಾಡಬೇಡಿ. ದೀಪ ಹಚ್ಚಿ, ಅಷ್ಟೇ.

ಮರಳುವ ಹೊತ್ತು ಬಂದಾಗ ಅವಸರವೇ ಶತ್ರು. ಮೂರು–ನಾಲ್ಕು ವಾರ ಬಿಟ್ಟರೆ ಎಡಗೈ ಬೆರಳತುದಿಯ ಜಡ್ಡು ಮೆತ್ತಗಾಗಿ ಸಿಪ್ಪೆ ಏಳುತ್ತದೆ. ಮೊದಲ ದಿನವೇ ಅರ್ಧ ಗಂಟೆ ನುಡಿಸಿದರೆ ಬೊಕ್ಕೆ ಎದ್ದು ಮತ್ತೆ ಒಂದು ವಾರ ಹೋಗುತ್ತದೆ. ವೈದ್ಯರು ಒಪ್ಪಿದ ಮೇಲೆ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಶ್ರುತಿಯನ್ನು ಅರ್ಧ ಮನೆ, ಅಂದರೆ ಒಂದು ಸ್ವರಸ್ಥಾನದಷ್ಟು, ಇಳಿಸಿಕೊಂಡರೆ ತಂತಿ ಮೃದುವಾಗುತ್ತದೆ. ಎಣ್ಣೆ ಹತ್ತಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬೆರಳಿಗೆ ಆಗಾಗ ಸೋಕಿಸಿ. ಮೊದಲ ಎರಡು ವಾರ ಗಮಕವಿಲ್ಲದ ಸ್ವರಗಳು ಮಾತ್ರ, ತಂತಿ ಎಳೆಯುವಂತಿಲ್ಲ. ನಂತರ ವಾರಕ್ಕೆ ಐದು ನಿಮಿಷದಂತೆ ಏರಿಸಿ. ಇಂದಿನ ನೋವು ನಾಳೆ ಬೆಳಿಗ್ಗೆಯೂ ಉಳಿದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ನೆಲದಲ್ಲಿ ಕೂರಲು ಮಂಡಿ ಬಿಡದಿದ್ದರೆ ಕುರ್ಚಿಯಲ್ಲಿ ಕೂತು ಮುಂದೆ ತಗ್ಗಿನ ಸ್ಟೂಲಿನ ಮೇಲೆ ವೀಣೆ ಇಟ್ಟುಕೊಳ್ಳಿ. ಅದರಿಂದ ಯಾವ ದೇವರಿಗೂ ಅಪಚಾರವಾಗುವುದಿಲ್ಲ.

ಕೈ ಮರಳದೇ ಹೋದರೆ? ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಬಂದವರಿಗೆ ಈ ಪ್ರಶ್ನೆಯನ್ನು ತಪ್ಪಿಸುವುದು ಸುಳ್ಳು ಹೇಳಿದ ಹಾಗೆ. ಹರಕೆ ಹೊರುವುದು ತಪ್ಪಲ್ಲ, ಆದರೆ ಹರಕೆ ಫಲಿಸಿದರೆ ಮಾತ್ರ ನಂಬುತ್ತೇನೆ ಎನ್ನುವುದು ವ್ಯಾಪಾರ. ದೇವರು ಕೈ ಮರಳಿ ಕೊಡುತ್ತಾನೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ಪೂಜೆಗಿಟ್ಟದ್ದು ಪ್ರಸಾದವಾಗಿ ಹಂಚಿಹೋಗುವುದೂ ಉಂಟು ಎಂದಷ್ಟೇ ಹೇಳಬಲ್ಲೆ. ವೀಣೆಯ ಪಾಠ ಬಹುಪಾಲು ಹಾಡಿ ಹೇಳಿಕೊಡುವ ಪಾಠ. ಗುರು ಹಾಡುತ್ತಾರೆ, ಶಿಷ್ಯ ನುಡಿಸುತ್ತಾನೆ, ತಪ್ಪಿದಾಗ ಗುರು ಮತ್ತೆ ಹಾಡುತ್ತಾರೆ. ಕೈ ಹೋದವರಲ್ಲಿ ಕಿವಿಯೂ ದನಿಯೂ ಉಳಿದಿದ್ದರೆ ಪಾಠ ನಿಲ್ಲಬೇಕಿಲ್ಲ. ವೀಣೆಯನ್ನು ಒಬ್ಬ ವಿದ್ಯಾರ್ಥಿಗೆ ಕೊಡುವುದಾದರೆ ಹೊಸದಾಗಿ ಮೇಳ ಕಟ್ಟಿಸಿ, ಏಳು ಹೊಸ ತಂತಿ ಹಾಕಿಸಿ, ವಿಜಯದಶಮಿಯ ದಿನ ತಾಂಬೂಲದ ಜೊತೆ ಕೊಡಿ. ಹಾಳುಬಿದ್ದ ವೀಣೆಯನ್ನು ದಾನ ಕೊಟ್ಟರೆ ಕಲಿಯುವವರ ಕಿವಿ ಕೆಡುತ್ತದೆ.

ಇನ್ನೂ ಕಾಯುತ್ತಿರುವವರ ಮನೆಗೂ ವಿಜಯದಶಮಿ ಬರುತ್ತದೆ, ಕೈ ವಾಸಿಯಾಗಿರಲಿ ಬಿಡಲಿ. ಆ ಬೆಳಿಗ್ಗೆ ವಿಸರ್ಜನೆಯ ಮಂತ್ರ ಹೇಳಿ, ಹತ್ತಿ ಸೀರೆ ತೆಗೆದು, ಇಳಿಸಿದ್ದ ತಂತಿಗಳನ್ನು ಮನೆಯವರೊಬ್ಬರ ಸಹಾಯದಿಂದ ಮೆಲ್ಲಗೆ ಶ್ರುತಿಗೆ ತನ್ನಿ. ಎಡಗೈ ಪಟ್ಟಿಯಲ್ಲಿದ್ದರೂ ತಾಳದ ತಂತಿಗೆ ಎಡಗೈ ಬೇಕಿಲ್ಲ. ಬಲಗೈ ಕಿರುಬೆರಳನ್ನು ಆ ಮೂರು ತಂತಿಗಳ ಮೇಲೆ ಒಮ್ಮೆ ಎಳೆದರೆ ಸಾಕು: ಷಡ್ಜ, ಪಂಚಮ, ಷಡ್ಜ. ನಾದ ತಾನಾಗಿ ಕರಗುವವರೆಗೆ ಕೇಳಿ, ತಟ್ಟೆಗೆ ನಾಲ್ಕು ಕಾಳು ಅಕ್ಷತೆ ಹಾಕಿ, ಮತ್ತೆ ಹೊದಿಸಿ.